ಕಾರಿನ ಕಿಟಕಿಯಲ್ಲಿ ಊಟ

"ಬೇಸಿಗೆಯಲ್ಲಿ ಟೆಕ್ಸಾಸ್‌ನ ಮಗನ ಮನೆಯಲ್ಲಿದ್ದೆ. ಎಲ್ಲಿ ನೋಡಿದರೂ ಬರ್ಗರ್ ಅಂಗಡಿ. ಆ ಜನಕ್ಕೆ ಅಡುಗೆ ಮಾಡಲು ಸೋಮಾರಿತನ, ಅಷ್ಟೇ." — ಓದುಗರೊಬ್ಬರು, ಮೈಸೂರು

ಸಂ: ಪತ್ರ ಚೆನ್ನಾಗಿದೆ, ಕೊನೆಯ ಸಾಲೊಂದನ್ನು ಬಿಟ್ಟು. ಆ ಊಟದಲ್ಲಿ ಉಪ್ಪು, ಸಕ್ಕರೆ, ಜಿಡ್ಡು ಜಾಸ್ತಿ, ನಿಜ. ಅದರಲ್ಲಿ ತಕರಾರಿಲ್ಲ. ಆದರೆ ಸೋಮಾರಿತನ? ಸುಮ್ನೆ ಹಾಗೆ ಅಂದುಬಿಟ್ಟರೆ ಹೇಗೆ ಸ್ವಾಮಿ?

2013ರಿಂದ 2016ರವರೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಲೆಕ್ಕ ಹಾಕಿದಾಗ, ಯಾವ ದಿನ ನೋಡಿದರೂ ವಯಸ್ಕರಲ್ಲಿ ಶೇ 36.6ರಷ್ಟು ಜನ ಫಾಸ್ಟ್ ಫುಡ್ ತಿಂದಿದ್ದರು. ಅದರಲ್ಲೂ ಬಡವರಿಗಿಂತ ಕಾಸಿದ್ದವರೇ ಜಾಸ್ತಿ. ದುಡಿದು ಸಂಪಾದಿಸುವವರು ಇವರು. ಇವರಿಗಿಲ್ಲದ್ದು ಹೊತ್ತು.

ಡಲ್ಲಾಸ್ ಹೊರವಲಯದಲ್ಲಿ ನಮ್ಮ ನೆಂಟರ ಮನೆಯಿದೆ. ಅಲ್ಲಿಂದ ತರಕಾರಿ ಅಂಗಡಿಗೆ ನಡೆದು ಹೋಗೋಣ ಅಂದರೆ ಫುಟ್‌ಪಾತೇ ಇಲ್ಲ. ಸಂಜೆ ಆಫೀಸು ಮುಗಿಸಿ, ಒಬ್ಬನನ್ನು ಈಜಿನ ಕ್ಲಾಸಿಗೆ ಬಿಟ್ಟು ಇನ್ನೊಬ್ಬಳನ್ನು ಕರಾಟೆಯಿಂದ ಕರೆತರುವ ನಡುವೆ ಆ ಮನೆಯ ತಾಯಿ ಕಾರನ್ನು ಬರ್ಗರ್ ಅಂಗಡಿಯ ಕಿಟಕಿಯ ಸಾಲಿಗೆ ತಂದಳು. ಎಣ್ಣೆಯಿಳಿದ ಕಾಗದದ ಚೀಲ ಹಿಂದಿನ ಸೀಟಿಗೆ ಹೋಯಿತು. ಹುಡುಗಿ ಸೀಟ್ ಬೆಲ್ಟ್ ಹಾಕಿಕೊಂಡೇ ಫ್ರೈಸ್ ತಿಂದಳು, ಉಪ್ಪು ಕೈಯನ್ನು ಬೆಲ್ಟಿಗೇ ಒರೆಸಿದಳು. ಊಟ ಮುಗಿಯಿತು, ಕಾರು ನಿಂತಿರಲಿಲ್ಲ.

ಈ ಕಿಟಕಿಯ ಕಥೆಯೂ ಕೇಳುವಂಥದ್ದು. ಮೆಕ್‌ಡೊನಾಲ್ಡ್ಸ್ ತನ್ನ ಮೊದಲ ಡ್ರೈವ್-ಥ್ರೂ, ಅಂದರೆ ಕಾರಿನಲ್ಲೇ ಕೂತು ಊಟ ಕೊಳ್ಳುವ ಕಿಟಕಿ, ತೆರೆದಿದ್ದು 1975ರಲ್ಲಿ, ಅರಿಜೋನಾದ ಸಿಯೆರಾ ವಿಸ್ಟಾದಲ್ಲಿ. ಪಕ್ಕದ ಸೇನಾ ನೆಲೆಯ ಸೈನಿಕರು ಕೆಲಸದ ಸಮವಸ್ತ್ರದಲ್ಲಿ ಹೊರಗೆಲ್ಲೂ ಕಾರಿಂದ ಇಳಿಯುವಂತಿರಲಿಲ್ಲ, ಅದಕ್ಕೆ. ಸೈನಿಕರಿಗೆ ಅದು ನಿಯಮ. ಉಳಿದವರಿಗೆ ಯಾರೂ ಹೇಳದಿದ್ದರೂ ಇಳಿಯುವುದು ಬಿಟ್ಟೇಹೋಯಿತು. ದೇಶದುದ್ದಕ್ಕೂ ಹೆದ್ದಾರಿ ಹಾಸಿದ ಅಮೆರಿಕದ 1956ರ ಕಾನೂನು ಊರುಗಳನ್ನು ಆಗಲೇ ದೂರದೂರ ಎಳೆದು ಹಾಕಿತ್ತಲ್ಲ.

ಅವಸರದಲ್ಲಿ ತಿನ್ನುವವನು ಏನು ತಿನ್ನುತ್ತಿದ್ದೇನೆ ಅಂತ ಕೇಳುವುದಿಲ್ಲ. ಅದೇ ಕಂಪನಿ 1990ರಲ್ಲಿ ಫ್ರೈಸ್‌ಗೆ ಸಸ್ಯಜನ್ಯ ಎಣ್ಣೆ ಅಂತ ಸಾರಿತು. ಅಲ್ಲಿರುವ ನಮ್ಮ ಸಸ್ಯಾಹಾರಿಗಳು ನಂಬಿ ತಿಂದರು. ಅದರಲ್ಲಿ ದನದ ಮಾಂಸದ ಸತ್ವ ಇದೆ ಅಂತ ಗೊತ್ತಾಗಿ 2001ರಲ್ಲಿ ಕೇಸು ಹಾಕಿದರು. ಮರುವರ್ಷ ಕಂಪನಿ ಕ್ಷಮೆ ಕೇಳಿ, ಹಿಂದೂ ಮತ್ತು ಸಸ್ಯಾಹಾರಿ ಸಂಸ್ಥೆಗಳೂ ಸೇರಿದಂತೆ ಕೆಲವರಿಗೆ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಅಮೆರಿಕದವರ ನಾಲಿಗೆ ಕೆಟ್ಟಿದೆ ಅಂತ ನಗುವ ಮುಂಚೆ ಇದೂ ನೆನಪಿರಲಿ.

ನಮ್ಮಲ್ಲೇನು ಕಮ್ಮಿಯಾಗಿದೆ? 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು, ಬಿಡದಿಯೂ ಮದ್ದೂರೂ ಪಕ್ಕಕ್ಕೆ ಸರಿದವು. ತಟ್ಟೆ ಇಡ್ಲಿಯವರು, ವಡೆಯವರು ವ್ಯಾಪಾರ ಬಿತ್ತು ಅಂತ ಗೋಳಾಡಿದರೆ ಕೇಳುವವರು ಯಾರು? ಅಂದಹಾಗೆ, ಮಗನ ಊರಿಗೆ ಹೊರಟಾಗ ನೀವು ವಿಮಾನ ನಿಲ್ದಾಣಕ್ಕೆ ಯಾವ ದಾರಿಯಲ್ಲಿ ಹೋದಿರಿ?