ಪ್ಯಾರಿಸ್‌ನಿಂದ ರೊಕಮದೂರ್ (ಫ್ರಾನ್ಸಿನ ನೈಋತ್ಯದಲ್ಲಿರೋ ಕ್ರೈಸ್ತ ಯಾತ್ರಾಸ್ಥಳ) ಒಂದೇ ದಿನದಲ್ಲಿ ನೋಡ್ಕೊಂಡು ಬರಬಹುದಾ? ಅಮ್ಮಂಗೆ 65 ದಾಟಿದೆ, ಮೆಟ್ಟಿಲು ಹತ್ತೋಕಾಗುತ್ತಾ?

ಒಂದೇ ದಿನಕ್ಕೆ ಖಂಡಿತ ಬೇಡ, ಒಂದು ರಾತ್ರಿನಾದ್ರೂ ಅಲ್ಲೇ ಉಳ್ಕೊಳ್ಳಿ. ಪ್ಯಾರಿಸ್‌ನಿಂದ ಬ್ರೀವ್ ತನಕ ಟ್ರೇನಲ್ಲಿ ನಾಲ್ಕೂವರೆ ಗಂಟೆ ಹತ್ರ ಆಗುತ್ತೆ, ಅಲ್ಲಿಂದ ಮತ್ತೆ ಸಣ್ಣ ಟ್ರೇನು, ಇಳಿದ್ಮೇಲೆ ಸ್ಟೇಷನ್ನಿಂದ ಊರು ಇನ್ನೂ 4 ಕಿಲೋಮೀಟರ್ ದೂರ, ಟ್ಯಾಕ್ಸಿ ಮೊದಲೇ ಹೇಳಿಟ್ಕೊಳ್ಳಬೇಕು. ನಾವು ಬ್ರೀವ್‌ನಲ್ಲೇ ಕಾರ್ ತಗೊಂಡ್ವಿ, ಅದೇ ಸುಲಭ.

ಊರು ಅಂದ್ರೆ ಇರೋದು ಒಂದೇ ಬೀದಿ. ಅದರ ಮೇಲೆ ಬಂಡೆಗೆ ಅಂಟ್ಕೊಂಡಂಗೆ ದೇವಸ್ಥಾನಗಳು, ತುತ್ತತುದೀಲಿ ಕೋಟೆ. ಹಗಲು ಬಸ್ಸುಗಟ್ಲೆ ಜನ ಬರ್ತಾರೆ, ಸಂಜೆ ಎಲ್ಲಾ ಹೋದ್ಮೇಲೆ ಆ ಬೀದೀಲಿ ನಮ್ಮ ಚಪ್ಪಲಿ ಸದ್ದು ನಮಗೇ ಕೇಳ್ಸುತ್ತೆ, ಅದಕ್ಕೋಸ್ಕರನೇ ಉಳ್ಕೊಳ್ಳಿ ಅಂದಿದ್ದು. ಬೆಳಗ್ಗೆ ಬೇಗ ಎದ್ದು ಎದುರುಗಡೆ ದಿಣ್ಣೆ ಮೇಲಿರೋ ಲೋಪಿತಾಲೆ ಅನ್ನೋ ಹಳ್ಳಿಗೆ ಹೋಗಿ, ಎಳೆಬಿಸಿಲು ಇಡೀ ಬಂಡೆ ಮೇಲೆ ಬಿದ್ದಿರುತ್ತೆ.

ಮೆಟ್ಟಿಲು 216 ಇದೆ. ಹಿಂದೆ ಯಾತ್ರಿಕರು ಮೊಣಕಾಲಲ್ಲೇ ಹತ್ತುತಿದ್ರಂತೆ, ನಮ್ಮಲ್ಲಿ ಉರುಳುಸೇವೆ ಮಾಡ್ತಾರಲ್ಲ ಹಂಗೆ. ಅಮ್ಮಂಗೆ ಮಂಡಿನೋವಿದ್ರೆ ಚಿಂತೆ ಬೇಡ, ದುಡ್ಡು ಕೊಟ್ರೆ ಲಿಫ್ಟ್ ಇದೆ. ನಮ್ಮಮ್ಮ ಲಿಫ್ಟ್ ಬೇಡ ಅಂತ ಹಟ ಹಿಡಿದು, ಅಲ್ಲಲ್ಲಿ ಕೂತು ಸುಧಾರಿಸ್ಕೊಂಡು ಹತ್ತೇಬಿಟ್ರು. ಮೇಲೆ ನೋತ್ರ್ ದಾಮ್ ಗುಡಿ ಒಳಗೆ ಕರಿ ಮೇರಿಯಮ್ಮ, 12ನೇ ಶತಮಾನದ್ದು, ಅಕ್ರೂಟ್ ಮರದ್ದು, ತುಂಬಾ ಚಿಕ್ಕ ಮೂರ್ತಿ, ಮಡಿಲಲ್ಲಿ ಮಗು. ತಲೆ ಎತ್ತಿ ನೋಡಿದ್ರೆ ಸೂರಿಂದ ಪುಟ್ಟ ಪುಟ್ಟ ಹಡಗು ನೇತಾಡ್ತಿರುತ್ತೆ, ಸಮುದ್ರದಲ್ಲಿ ಜೀವ ಉಳೀತು ಅಂತ ನಾವಿಕರು ಒಪ್ಪಿಸಿದ ಹರಕೆ. ಅಮ್ಮಂಗೆ ಯಾರೂ ಬಿಡಿಸಿ ಹೇಳಬೇಕಾಗ್ಲಿಲ್ಲ, "ಹರಕೆ ಅಲ್ವೇನೋ" ಅಂದು ಒಂದು ಮೇಣದಬತ್ತಿ ಹಚ್ಚಿ ಅರ್ಧ ಗಂಟೆ ಅಲ್ಲೇ ಕೂತ್ರು. 1166ರಲ್ಲಿ ಇಲ್ಲೇ, ಊರಿಗೆ ಹೆಸರು ಬರೋಕೆ ಕಾರಣವಾದ ಸಂತ ಅಮದೂರ್ ಅವರದು ಅನ್ನೋ ದೇಹ ಸಿಕ್ಕಿದ ಮೇಲೆ ಯಾತ್ರಿಕರು ಇನ್ನೂ ಜಾಸ್ತಿ ಆದ್ರಂತೆ. ಬಂಡೆಗೆ ಸಿಕ್ಕಿಸಿದ್ದ, ಫ್ರೆಂಚ್ ದಂತಕಥೆಯ ವೀರ ರೋಲಾಂಡ್‌ದು ಅಂತ ಹೇಳೋ ಡುರಾಂಡಲ್ ಅನ್ನೋ ಕತ್ತಿ ನೋಡಬೇಕು ಅಂತ ಆಸೆ ಇದ್ರೆ, ಅದು 2024ರಲ್ಲಿ ಕಾಣೆಯಾಯ್ತು, ಅದನ್ನ ನೆಚ್ಕೊಂಡು ಹೋಗ್ಬೇಡಿ.

ಊಟ ನೀವು ಕೇಳಿಲ್ಲ, ಆದ್ರೂ ಸಸ್ಯಾಹಾರಿಗಳಾಗಿದ್ರೆ ಇದನ್ನ ಓದಿ. ಅದು ಬಾತುಕೋಳಿ ಸೀಮೆ, ಬರೀ ಸಲಾಡ್ ಅಂತ ಆರ್ಡರ್ ಮಾಡಿದ್ರೂ ಅದರಲ್ಲಿ ಬಾತುಕೋಳಿ ಚೂರು ಇರಬಹುದು, ಮೊದಲೇ ಕೇಳಿ. ಊರಿನ ಹೆಸರಲ್ಲೇ ಒಂದು ಮೇಕೆಹಾಲಿನ ಚೀಸ್ ಇದೆ, 35 ಗ್ರಾಂನ ಪುಟ್ಟ ಬಿಲ್ಲೆ, ಅದನ್ನ ಬಿಸಿ ಮಾಡಿ ಬ್ರೆಡ್ ಮೇಲಿಟ್ಟು ಅಕ್ರೂಟ್ ಜೊತೆ ಕೊಡ್ತಾರೆ (ಹಾಲು ಗಟ್ಟಿಯಾಗೋಕೆ ಹಾಕೋ ರೆನೆಟ್ ಪ್ರಾಣಿಯಿಂದ ಬರೋದು, ಕಟ್ಟುನಿಟ್ಟಿನವರಾದ್ರೆ ಅದೂ ಬೇಡ). ನಾನು ಎರಡು ದಿನ ಅದ್ರಲ್ಲೇ ಕಳೆದೆ, ಬೇಜಾರೇ ಆಗ್ಲಿಲ್ಲ.

ರೂಮು ಆ ಬೀದಿ ಒಳಗೇ ಸಿಗುತ್ತಾ ನೋಡಿ, ದೊಡ್ಡ ಸೂಟ್‌ಕೇಸ್ ಮಾತ್ರ ಕಾರಲ್ಲೇ ಬಿಡಿ, ಕಲ್ಲುಹಾಸಿನ ಮೇಲೆ ಎಳ್ಕೊಂಡು ಹೋಗೋಕೆ ಆಗಲ್ಲ.