ಊತ ಇಳಿದ ಮೇಲೆ ನೀರಿನ ಮಾತ್ರೆ ನಿಲ್ಲಿಸಬಹುದಾ?

ತಂದೆಯವರು ಫ್ಯೂರೋಸೆಮೈಡ್ (ಮೂತ್ರ ಹೆಚ್ಚಿಸಿ ದೇಹದ ನೀರು ಹೊರಹಾಕುವ ‘ನೀರಿನ ಮಾತ್ರೆ’) ಅನ್ನು ಸಂಜೆ ನುಂಗಿ ರಾತ್ರಿಯೆಲ್ಲ ಮೂತ್ರಕ್ಕೆ ಏಳುತ್ತಾರೆ, ಕಾಲಿನ ಊತವೂ ಇಳಿದಿದೆ, ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ನೀವಾಗಿಯೇ ನಿಲ್ಲಿಸಬೇಡಿ. ಊತ ಇಳಿದಿದ್ದು ಆ ಮಾತ್ರೆಯಿಂದಲೇ ಅಲ್ವಾ? ಬಿಟ್ಟರೆ ನೀರು ಮತ್ತೆ ತುಂಬಿಕೊಳ್ಳಬಹುದು, ಬಿಪಿಯೂ ಏರಬಹುದು.

ಬೆಳಿಗ್ಗೆಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಇದು ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ, ಸುಮಾರು 6 ಗಂಟೆ ಇರುತ್ತದೆ. ಸಂಜೆ ತಗೊಂಡರೆ ನಿದ್ದೆ ಕೆಡುವುದು ಸಹಜ.

ನನಗೆ ಜಾಸ್ತಿ ಚಿಂತೆ ಆಗಿದ್ದು ನೀವು ಕೊನೆಯಲ್ಲಿ ಸುಮ್ನೆ ಸೇರಿಸಿದ ಮಾತಿನಿಂದ: ಮಂಡಿನೋವಿಗೆ ಐಬುಪ್ರೊಫೆನ್. ಅದು ದೇಹದಲ್ಲಿ ಉಪ್ಪು, ನೀರು ಎರಡನ್ನೂ ಹಿಡಿದಿಡುತ್ತದೆ, ಅಂದರೆ ನೀರಿನ ಮಾತ್ರೆಗೆ ಪೂರ್ತಿ ಉಲ್ಟಾ. ಅವರಿಗೆ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ ಕೂಡ ಇದೆ ಅಂದಿದ್ದೀರಿ. ಈ ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ಕೂಡ ಐಬುಪ್ರೊಫೆನ್ ಗುಂಪಿನದೇ. ಬೇರೆ ನೋವಿನ ಮಾತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ.

ದಿನಾ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಫೋನ್ ಮಾಡಿ. ವಾಂತಿ, ಭೇದಿ ಶುರುವಾದರೂ, ಎದ್ದು ನಿಂತಾಗ ತಲೆ ತಿರುಗಿದರೂ ಅಷ್ಟೇ, ಕಾಯಬೇಡಿ. ಸೋಡಿಯಂ, ಪೊಟ್ಯಾಶಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವುದು) ರಕ್ತಪರೀಕ್ಷೆ ಕೊನೆಗೆ ಯಾವಾಗ ಮಾಡಿಸಿದ್ರಿ?