ಬಟನ್ ಸ್ಟಾರ್ಟ್ ಕಾರು ಕೀ ಗುರುತಿಸದಿದ್ದರೆ ಏನು ಮಾಡಬೇಕು: ಕಟಪಾಡಿಯ ಅಕ್ಕನಿಗೆ ಉತ್ತರ

ಅಕ್ಕ, ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ, ಹಾಗಾಗಿ ಈಗ ಕೂತು ಬರೆಯುತ್ತಿದ್ದೇನೆ.

ಪ್ರಶ್ನೆ ನೋಡದವರಿಗಾಗಿ: ಅಕ್ಕನ ಯಜಮಾನರು ದುಬೈಯಲ್ಲಿದ್ದಾರೆ. ಕಟಪಾಡಿಯ ಮನೆಯಲ್ಲಿ ಅಕ್ಕ, ಮಗು ಮತ್ತು ಅತ್ತೆ. ಬಟನ್ ಸ್ಟಾರ್ಟ್ ಇರುವ ಆಟೋಮ್ಯಾಟಿಕ್ ಕಾರು, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ವಾರಕ್ಕೆ ಒಂದೆರಡು ಸಲ ಓಡುತ್ತದೆ. ಈಗ ಆಗಾಗ ‘ಕೀ ಸಿಗುತ್ತಿಲ್ಲ’ ಎಂಬ ಸೂಚನೆ ಮೀಟರಿನಲ್ಲಿ ಬರುತ್ತಿದೆ. ಕಾರಿನ ಬ್ಯಾಟರಿ ಬದಲಿಸಿದ ಮೇಲೆ ಡ್ರೈವರ್ ಬದಿಯ ಗ್ಲಾಸು ಒಂದೇ ಸಲಕ್ಕೆ ಪೂರ್ತಿ ಮೇಲೆ ಹೋಗುವುದು ನಿಂತಿದೆ. ಇಂಥ ಕಾರನ್ನು ಕಳ್ಳರು ಮೆಷಿನ್ ಹಿಡಿದು ಒಯ್ಯುತ್ತಾರೆ ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ದಾರಿಯಲ್ಲಿ ಸ್ಟಾರ್ಟ್ ಆಗದಿದ್ದರೆ ಒಬ್ಬಳೇ ಏನು ಮಾಡಲಿ ಅನ್ನುವುದು ಅವರ ದೊಡ್ಡ ಚಿಂತೆ.

ಮೊದಲು ಆ ಚಿಂತೆಯನ್ನೇ ತೆಗೆದುಕೊಳ್ಳುತ್ತೇನೆ. ನಿಮ್ಮ ಕೀ ಒಳಗೆ ಎರಡು ಬೇರೆ ಬೇರೆ ಕೆಲಸ ನಡೆಯುತ್ತದೆ. ಒಂದಕ್ಕೆ ಸೆಲ್ ಬೇಕು, ಇನ್ನೊಂದಕ್ಕೆ ಬೇಡ. ಇದನ್ನು ತಿಳಿದರೆ ಅರ್ಧ ಹೆದರಿಕೆ ಅಲ್ಲಿಗೇ ಹೋಗುತ್ತದೆ.

ನೀವು ಹ್ಯಾಂಡಲ್ ಮೇಲಿನ ಬಟನ್ ಒತ್ತಿದಾಗ ಕಾರು ಒಂದು ಸಣ್ಣ ಸಿಗ್ನಲ್ ಬಿಡುತ್ತದೆ. ಸುಮಾರು 125 ಕಿಲೋಹರ್ಟ್ಸ್‌ನದ್ದು, ಹೆಚ್ಚು ದೂರ ಹೋಗುವುದಿಲ್ಲ, ಬಾಗಿಲಿನಿಂದ ಒಂದು ಮೀಟರ್ ಆಸುಪಾಸು ಅಷ್ಟೇ. ಅದನ್ನು ಕೇಳಿಸಿಕೊಂಡ ಕೀ 433 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಈ ಉತ್ತರಕ್ಕೆ ಸೆಲ್ ಬೇಕು. ಸೆಲ್ ಸೋತರೆ ಉತ್ತರವೂ ಸೋಲುತ್ತದೆ, ಕಾರು ‘ಕೀ ಇಲ್ಲ’ ಅನ್ನುತ್ತದೆ. ಆದರೆ ಅದೇ ಕೀಯಲ್ಲಿ ಇಮ್ಮೊಬಿಲೈಸರ್ ಚಿಪ್ ಒಂದು ಉಂಟು, ಅಂದರೆ ಇದು ಈ ಕಾರಿನದ್ದೇ ಕೀ ಅಂತ ಗುರುತು ಹೇಳುವ ಚಿಪ್. ಬ್ಯಾಂಕ್ ಕಾರ್ಡನ್ನು ಅಂಗಡಿಯ ಮೆಷಿನ್‌ಗೆ ತಾಗಿಸಿದ ಹಾಗೆ, ಅದನ್ನು ಕಾರಿನೊಳಗೆ ಅದಕ್ಕೆಂದೇ ಇರುವ ಕಾಯಿಲ್ (ತಂತಿಯ ಸುರುಳಿ) ಹತ್ತಿರ ಹಿಡಿದರೆ ಕಾರಿನಿಂದಲೇ ಶಕ್ತಿ ತೆಗೆದುಕೊಂಡು ತನ್ನ ಗುರುತು ಹೇಳುತ್ತದೆ. ಸೆಲ್ ಪೂರ್ತಿ ಸತ್ತರೂ ಪರವಾಗಿಲ್ಲ.

ಹಾಗಾಗಿ ದಾರಿಯಲ್ಲಿ ಕೀ ಸತ್ತರೆ ಮಾಡಬೇಕಾದದ್ದು ಇಷ್ಟು. ಕೀಯ ಬದಿಯಲ್ಲಿ ಒಂದು ಸಣ್ಣ ಗುಂಡಿ ಅಥವಾ ಸರಿಸುವ ಪಟ್ಟಿ ಇರುತ್ತದೆ. ಅದನ್ನು ಒತ್ತಿ ಎಳೆದರೆ ಒಳಗಿಂದ ಲೋಹದ ಕೀ ಹೊರಗೆ ಬರುತ್ತದೆ. ಡ್ರೈವರ್ ಬಾಗಿಲಿನ ಹ್ಯಾಂಡಲ್ ಬಳಿ ಕೀ ತೂತು ಇದೆಯಾ ನೋಡಿ. ಕಾಣದಿದ್ದರೆ ಹ್ಯಾಂಡಲ್ ತುದಿಯ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತದೆ. ಮುಚ್ಚಳದ ಅಡಿಯಲ್ಲಿ ಒಂದು ಸಣ್ಣ ಸೀಳು ಇರುತ್ತದೆ, ಅಲ್ಲಿ ಕೀ ತುದಿ ಹಾಕಿ ಮೆಲ್ಲಗೆ ಎಬ್ಬಿಸಬೇಕು. ಬಾಗಿಲು ತೆಗೆದ ಕೂಡಲೇ ಅಲಾರಾಂ ಬೊಬ್ಬೆ ಹಾಕಬಹುದು. ಕೀ ಗುರುತಾಗದೆ ಬಾಗಿಲು ತೆರೆದದ್ದರಿಂದ ಕಾರು ಕಳ್ಳ ಅಂದುಕೊಂಡಿರುತ್ತದೆ. ಗಾಬರಿ ಬೇಡ. ಒಳಗೆ ಕೂತು ಬ್ರೇಕ್ ಒತ್ತಿ, ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿ. ಕಾರು ಸ್ಟಾರ್ಟ್ ಆಗುತ್ತದೆ, ಬೊಬ್ಬೆಯೂ ನಿಲ್ಲುತ್ತದೆ.

ಎಲ್ಲಿ ತಾಗಿಸಬೇಕು ಅನ್ನುವುದು ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ. ಹುಂಡೈ, ಕಿಯಾದ ಹೆಚ್ಚಿನ ಕಾರುಗಳಲ್ಲಿ ಕೀಯಿಂದಲೇ ಬಟನ್ ಒತ್ತಿದರೆ ಆಯ್ತು. ಟೊಯೋಟಾದಲ್ಲಿ ಕೀಯ ಲಾಂಛನ ಇರುವ ಬದಿ ಬಟನ್‌ಗೆ ತಾಗಬೇಕು. ಬೇರೆ ಕೆಲವು ಗಾಡಿಗಳಲ್ಲಿ ಸ್ಟೀರಿಂಗ್ ಪಕ್ಕದಲ್ಲೋ ಕಪ್ ಹೋಲ್ಡರ್ ಒಳಗೋ ಅದಕ್ಕೊಂದು ಜಾಗ ಇರುತ್ತದೆ. ನಿಮ್ಮ ಮ್ಯಾನುವಲ್‌ನಲ್ಲಿ ಆ ಪುಟ ಹುಡುಕಿ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.

ಓದಿ ಬಿಡಬೇಡಿ ಅಕ್ಕ, ಒಂದು ಸಲ ಮಾಡಿ ನೋಡಿ. ನಾಳೆ ಹಗಲಲ್ಲಿ, ಮಳೆ ಇಲ್ಲದ ಹೊತ್ತಿನಲ್ಲಿ, ಅಂಗಳದಲ್ಲೇ. ಕೀಯ ಸೆಲ್ ತೆಗೆದು ಬದಿಗಿಡಿ. ಲೋಹದ ಕೀಯಿಂದ ಬಾಗಿಲು ತೆಗೆಯಿರಿ, ಅಲಾರಾಂ ಕೂಗಿದರೆ ಕೂಗಲಿ, ಕಾರು ಸ್ಟಾರ್ಟ್ ಮಾಡಿ. ಅತ್ತೆಗೆ ಮೊದಲೇ ಹೇಳಿಟ್ಟರೆ ಸಾಕು. ಮನೆಯಲ್ಲಿ ಕೈಗೆ ಬಂದ ಕೆಲಸ ಕೃಷ್ಣ ಮಠದ ಪಾರ್ಕಿಂಗಿನಲ್ಲಿ ರಾತ್ರಿ ಎಂಟು ಗಂಟೆಗೂ ಕೈಗೆ ಬರುತ್ತದೆ.

ಇಲ್ಲಿ ಕರಾವಳಿಯವರಿಗೆ ಒಂದು ಮುಖ್ಯ ಮಾತು. ಬಾಗಿಲಿನ ಆ ಕೀ ತೂತನ್ನು ಯಾರೂ ವರ್ಷಗಟ್ಟಲೆ ಮುಟ್ಟುವುದಿಲ್ಲ. ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ, ಒಳಗೆ ಹಸಿರು ಕಿಲುಬು ಹಿಡಿದು ಕೀ ತಿರುಗದೇ ಹೋಗುತ್ತದೆ. ಬೇಕಾದ ದಿನವೇ ಕೈ ಕೊಡುತ್ತದೆ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಲೋಹದ ಕೀ ಹಾಕಿ ತಿರುಗಿಸಿ. ಬಿಗಿ ಅನ್ನಿಸಿದರೆ ಗ್ರಾಫೈಟ್ ಪುಡಿ ಹಾಕಿ. ಮನೆಯಲ್ಲಿದೆ ಅಂತ ತೆಂಗಿನೆಣ್ಣೆ ಬಿಡಬೇಡಿ. ಅದು ಅಂಟಾಗಿ ಧೂಳು ಹಿಡಿದು ಪಿನ್‌ಗಳನ್ನೇ ಕಟ್ಟಿಹಾಕುತ್ತದೆ.

ಈಗ ನಿಮ್ಮ ಕೀ ಯಾಕೆ ಹೀಗೆ ಮಾಡುತ್ತಿದೆ ಅನ್ನುವ ವಿಷಯ. ನೀವು ಹಾಕಿದ ಫೋಟೋದಲ್ಲೇ ನನಗೆ ಉತ್ತರ ಕಂಡಿತು. ಚಾವಡಿ ಗೋಡೆಯ ಮೊಳೆಯಲ್ಲಿ ಕೀ ನೇತಾಡುತ್ತಿದೆ. ಗೋಡೆಯ ಆಚೆಗೇ ಪೋರ್ಟಿಕೊ, ಅಲ್ಲೇ ಕಾರಿನ ಮೂತಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ. ಗೋಡೆ ಈ ಸಿಗ್ನಲ್ಲನ್ನು ಪೂರ್ತಿ ತಡೆಯುವುದಿಲ್ಲ. ಕೀ ಕಾರಿನ ಸಿಗ್ನಲ್ ತಲುಪುವಷ್ಟು ಹತ್ತಿರ ಇದ್ದರೆ ಎರಡೂ ಸುಮ್ನೆ ಮಾತಾಡಿಕೊಳ್ಳುತ್ತಲೇ ಇರಬಹುದು. ಆಗ ಕೀಯ ಸೆಲ್ಲೂ ಬೇಗ ಇಳಿಯುತ್ತದೆ, ಕಾರಿನ ಬ್ಯಾಟರಿಯೂ ಇಳಿಯುತ್ತದೆ. ವಾರಕ್ಕೆ ಒಂದೆರಡು ಸಲ ಮಾತ್ರ ಓಡುವ ಕಾರಿಗೆ ಇದು ಜಾಸ್ತಿ ಪೆಟ್ಟು. ಕೀಯನ್ನು ಒಳಕೋಣೆಗೆ ಒಯ್ಯಿರಿ, ಕಾರಿನಿಂದ ಐದಾರು ಮೀಟರ್ ಆದರೂ ದೂರ ಇರಲಿ. ಟಿವಿ, ಫೋನ್ ಚಾರ್ಜರ್ ಪಕ್ಕ ಇಡಬೇಡಿ.

ಸೆಲ್ ಹೆಚ್ಚಿನ ಕೀಗಳಲ್ಲಿ ಸಿಆರ್ 2032, ಮೂರು ವೋಲ್ಟ್‌ನದ್ದು. ಹಳೆಯದನ್ನು ತೆಗೆದು ಮೇಲಿನ ಅಂಕೆ ನೋಡಿಯೇ ಹೊಸದು ತನ್ನಿ. ವಾಚ್ ಅಂಗಡಿಯಲ್ಲೂ ಸಿಗುತ್ತದೆ, ದೊಡ್ಡ ಖರ್ಚಲ್ಲ. ಹಾಕುವಾಗ ಬರಿ ಬೆರಳಿನಿಂದ ಎರಡೂ ಮುಖ ಒತ್ತಿ ಹಿಡಿಯಬೇಡಿ, ನಮ್ಮ ಸೆಖೆಗೆ ಬೆವರು ತಾಗಿಯೇ ತಾಗುತ್ತದೆ. ಒಣ ಬಟ್ಟೆಯಲ್ಲಿ ಅಂಚು ಹಿಡಿದು ಕೂರಿಸಿ. ಹಳೆಯ ಸೆಲ್ಲನ್ನು ಮಗುವಿನ ಕೈಗೆ ಸಿಗದ ಹಾಗೆ ಕೂಡಲೇ ತೆಗೆದುಬಿಡಿ. ಮಕ್ಕಳು ನುಂಗಿದರೆ ಗಂಟಲು, ಅನ್ನನಾಳ ಸುಟ್ಟುಹೋಗುತ್ತದೆ, ಅದು ಗಂಟೆಗಳ ಲೆಕ್ಕದ ಅಪಾಯ. ಸೆಲ್ ಹೊಸದಾದರೂ ಕಾರೊಳಗೆ ಕೀ ಸಿಗದಿದ್ದರೆ ಅದನ್ನು ಎಲ್ಲಿ ಇಟ್ಟಿದ್ದೀರಿ ನೋಡಿ. ವೈರ್‌ಲೆಸ್ ಚಾರ್ಜಿಂಗ್ ತಟ್ಟೆಯ ಮೇಲೆ, ಫೋನಿಗೆ ಅಂಟಿಕೊಂಡು, ಚಿಲ್ಲರೆ ತುಂಬಿದ ಪರ್ಸಿನೊಳಗೆ ಇದ್ದರೆ ಕೂಡ ಹೀಗಾಗುತ್ತದೆ.

ಕೀ ಸೆಲ್ ಸತ್ತದ್ದಾ, ಕಾರಿನ ಬ್ಯಾಟರಿ ಸತ್ತದ್ದಾ ಅಂತ ತಿಳಿಯುವುದು ಸುಲಭ. ಮೀಟರ್ ಚೆನ್ನಾಗಿ ಬೆಳಗಿ ‘ಕೀ ಇಲ್ಲ’ ಅಂದರೆ ಕೀಯದ್ದು. ಒಳಗಿನ ದೀಪ ಮಂಕಾಗಿದ್ದರೆ, ಬಟನ್ ಒತ್ತಿದಾಗ ಟಕಟಕ ಸದ್ದು ಬಂದು ಮೀಟರ್ ಮಿಣುಕಿದರೆ ಕಾರಿನದ್ದು. ಆಟೋಮ್ಯಾಟಿಕ್ ಕಾರನ್ನು ದೂಡಿ ಸ್ಟಾರ್ಟ್ ಮಾಡಲು ಆಗುವುದಿಲ್ಲ, ಯಾರಾದರೂ ಸಹಾಯಕ್ಕೆ ಬಂದು ದೂಡಲು ಹೊರಟರೆ ಬೇಡ ಅನ್ನಿ. ಡಿಕ್ಕಿಯಲ್ಲಿ ಜಂಪ್ ಕೇಬಲ್ ಇರಲಿ. ಕೆಂಪು ತಂತಿ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯದರ ಪ್ಲಸ್‌ಗೆ. ಕಪ್ಪು ತಂತಿ ಒಳ್ಳೆಯದರ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಎಂಜಿನ್‌ನ ಬರಿ ಲೋಹಕ್ಕೆ. ಸತ್ತ ಬ್ಯಾಟರಿಯ ಮೈನಸ್‌ಗೆ ಅಲ್ಲ, ಅಲ್ಲಿ ಕಿಡಿ ಹಾರಬಾರದು.

ಬಟನ್ ವಿಷಯದಲ್ಲೇ ಇನ್ನೊಂದು. ಬ್ರೇಕ್ ಒತ್ತದೆ ಬಟನ್ ಒತ್ತಿದರೆ ಎಂಜಿನ್ ಏಳುವುದಿಲ್ಲ, ರೇಡಿಯೊ ಮತ್ತು ಮೀಟರ್ ಮಾತ್ರ ಹೊತ್ತಿಕೊಳ್ಳುತ್ತದೆ. ನಿಲ್ಲಿಸುವಾಗ ಗೇರ್ ‘ಪಿ’ಯಲ್ಲಿ ಇಲ್ಲದಿದ್ದರೆ ಎಷ್ಟೋ ಕಾರುಗಳು ಪೂರ್ತಿ ಆಫ್ ಆಗದೆ ಅದೇ ಸ್ಥಿತಿಯಲ್ಲಿ ಉಳಿಯುತ್ತವೆ. ಬೆಳಿಗ್ಗೆಗೆ ಬ್ಯಾಟರಿ ಖಾಲಿ. ಇಳಿಯುವ ಮುಂಚೆ ಮೀಟರ್ ಕತ್ತಲಾಗಿದೆಯಾ ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಯಜಮಾನರು ಊರಿಗೆ ಬಂದು ಹೋಗುವಾಗ ಇದನ್ನು ಮರೆಯಬೇಡಿ: ಎಂಜಿನ್ ಓಡುತ್ತಿರುವಾಗ ಕೀ ಕಾರಿನಿಂದ ಹೊರಗೆ ಹೋದರೆ ಎಂಜಿನ್ ನಿಲ್ಲುವುದಿಲ್ಲ. ಬೀಪ್ ಆಗುತ್ತದೆ, ಸೂಚನೆ ಬರುತ್ತದೆ, ಅಷ್ಟೇ. ನಡುರಸ್ತೆಯಲ್ಲಿ ಗಾಡಿ ನಿಲ್ಲಬಾರದು ಅಂತ ಬೇಕೆಂದೇ ಹಾಗೆ ಮಾಡಿರುವುದು. ಬಜ್ಪೆ ವಿಮಾನ ನಿಲ್ದಾಣದಲ್ಲಿ ಅವರು ಕಿಸೆಯಲ್ಲಿ ಕೀ ಇಟ್ಟುಕೊಂಡೇ ಇಳಿದು ಒಳಗೆ ಹೋದರು ಅನ್ನಿ. ನೀವು ಆರಾಮಾಗಿ ಹೆದ್ದಾರಿ 66ರಲ್ಲಿ ಪಡುಬಿದ್ರಿವರೆಗೆ ಬರುತ್ತೀರಿ, ಚಹಾಕ್ಕೆ ನಿಲ್ಲಿಸಿ ಆಫ್ ಮಾಡುತ್ತೀರಿ. ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಕೀ ವಿಮಾನದಲ್ಲಿ. ಹಾಗಾಗಿ ಅವರು ಇಳಿಯುವಾಗ ಕೀ ನಿಮ್ಮ ಕೈಗೆ ಬಂದಿದೆಯಾ ಅಂತ ಕಣ್ಣಾರೆ ನೋಡಿ. ಎರಡನೇ ಕೀ ಮನೆಯಲ್ಲೇ ಇರಲಿ, ದುಬೈಗೆ ಹೋಗುವ ಸೂಟ್‌ಕೇಸಿನಲ್ಲಿ ಬೇಡ.

ಗ್ಲಾಸಿನದ್ದು ಹಾಳಾದದ್ದಲ್ಲ, ಮೆಕ್ಯಾನಿಕ್ ಬೇಕಿಲ್ಲ. ಬ್ಯಾಟರಿ ಕಳಚಿದಾಗ ಗ್ಲಾಸಿನ ಮೇಲಿನ ಕೊನೆ, ಕೆಳಗಿನ ಕೊನೆ ಎಲ್ಲಿ ಅನ್ನುವುದು ಕಾರಿಗೆ ಮರೆತುಹೋಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ. ಗ್ಲಾಸು ಪೂರ್ತಿ ಇಳಿಸಿ. ಆಮೇಲೆ ಸ್ವಿಚ್ ಎಳೆದು ಹಿಡಿದುಕೊಂಡೇ ಪೂರ್ತಿ ಏರಿಸಿ, ಮೇಲೆ ಮುಟ್ಟಿದ ಮೇಲೂ ಎರಡು ಮೂರು ಸೆಕೆಂಡು ಬಿಡಬೇಡಿ. ಹೆಚ್ಚಿನ ಕಾರುಗಳಿಗೆ ಇಷ್ಟೇ ಸಾಕು. ಇದನ್ನು ಮಾಡುವವರೆಗೆ ಮಗುವನ್ನು ಆ ಗ್ಲಾಸಿನ ಹತ್ತಿರ ಬಿಡಬೇಡಿ. ಕೈ ಸಿಕ್ಕಿದರೆ ಗ್ಲಾಸು ತಾನೇ ಕೆಳಗೆ ಬರುವ ರಕ್ಷಣೆಯೂ ಅಷ್ಟರವರೆಗೆ ಕೆಲಸ ಮಾಡದೇ ಇರಬಹುದು. ನಮ್ಮಲ್ಲಿ ಮಾರುವ ಬಹಳಷ್ಟು ಕಾರುಗಳಲ್ಲಿ ಆ ರಕ್ಷಣೆ ಇರುವುದೇ ಡ್ರೈವರ್ ಗ್ಲಾಸಿಗೆ ಮಾತ್ರ. ಹಿಂದೆ ಮಗು ಕೂತಿದ್ದರೆ ಡ್ರೈವರ್ ಬಾಗಿಲಿನ ಗ್ಲಾಸ್ ಲಾಕ್ ಬಟನ್ ಯಾವಾಗಲೂ ಒತ್ತಿರಲಿ. ಗ್ಲಾಸು ನಿಧಾನವಾಗಿ ಏರಿದರೆ ಅಂಚಿನ ರಬ್ಬರ್ ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆಯಿರಿ, ಎಂಜಿನ್ ಆಯಿಲ್ ಬೇಡ, ರಬ್ಬರ್ ಉಬ್ಬುತ್ತದೆ.

ಕಳ್ಳತನದ ಬಗ್ಗೆ ಪಕ್ಕದ ಮನೆಯವರು ಹೇಳಿದ್ದು ಸುಳ್ಳಲ್ಲ. ಇಬ್ಬರು ಬರುತ್ತಾರೆ. ಒಬ್ಬ ಕಾರಿನ ಹತ್ತಿರ, ಇನ್ನೊಬ್ಬ ಮನೆ ಗೋಡೆಯ ಹತ್ತಿರ. ಕಾರಿನ ಸಣ್ಣ ಸಿಗ್ನಲ್ಲನ್ನು ಉಪಕರಣದಿಂದ ಹಿಗ್ಗಿಸಿ ಒಳಗಿನ ಕೀಗೆ ತಲುಪಿಸುತ್ತಾರೆ. ಕೀ ಪಕ್ಕದಲ್ಲೇ ಇದೆ ಅಂತ ಕಾರು ನಂಬುತ್ತದೆ, ಬಾಗಿಲು ತೆಗೆಯುತ್ತದೆ, ಸ್ಟಾರ್ಟೂ ಆಗುತ್ತದೆ. ಬ್ರಿಟನ್‌ನಲ್ಲಿ ಇದು ದೊಡ್ಡ ತಲೆನೋವಾಗಿದೆ. ಚಾವಡಿಯ ಮೊಳೆ ಇಂಥವರಿಗೆ ಹೇಳಿ ಮಾಡಿಸಿದ ಜಾಗ. ಕೀಯನ್ನು ಒಳಕೋಣೆಯಲ್ಲಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿಡಿ. ಡಬ್ಬಿ ಕೆಲಸ ಮಾಡುತ್ತದಾ ಅಂತ ಪರೀಕ್ಷೆ ಮಾಡಿ: ಕೀ ಹಾಕಿ ಮುಚ್ಚಿ, ಡಬ್ಬಿಯನ್ನು ಕಂಕುಳಲ್ಲಿ ಹಿಡಿದು ಕಾರಿನ ಬಾಗಿಲಿಗೆ ಒತ್ತಿ ನಿಂತು ಹ್ಯಾಂಡಲ್ ಬಟನ್ ಒತ್ತಿ. ಬಾಗಿಲು ತೆಗೆದರೆ ಆ ಡಬ್ಬಿ ಬೇಡ, ಬೇರೆ ನೋಡಿ. ಟೊಯೋಟಾದ ಕೆಲವು ಕೀಗಳಲ್ಲಿ ಲಾಕ್ ಬಟನ್ ಒತ್ತಿ ಹಿಡಿದು ಅನ್‌ಲಾಕ್ ಎರಡು ಸಲ ಒತ್ತಿದರೆ ಕೀ ಮಲಗಿಬಿಡುತ್ತದೆ, ದೀಪ ನಾಲ್ಕು ಸಲ ಮಿನುಗುತ್ತದೆ. ಟೊಯೋಟಾ ಇರುವವರು ಇದನ್ನು ಬಳಸಿ. ಇನ್ನು ಸಾದಾ ಸ್ಟೀರಿಂಗ್ ಲಾಕ್, ಕಣ್ಣಿಗೆ ಕಾಣುವ ಕಬ್ಬಿಣದ್ದು, ಈಗಲೂ ಒಳ್ಳೆಯ ಕಾವಲು.

ಸೆಕೆಂಡ್ ಹ್ಯಾಂಡ್ ಕಾರು ಆದ ಕಾರಣ ಒಂದು ಕೆಲಸ ತಪ್ಪದೆ ಮಾಡಿಸಿ. ನಿಮ್ಮ ಹತ್ತಿರ ಇರುವ ಎಲ್ಲಾ ಕೀ ತೆಗೆದುಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ, ಕಾರಿನಲ್ಲಿ ಎಷ್ಟು ಕೀ ನೋಂದಣಿ ಆಗಿದೆ ಕೇಳಿ. ನಿಮ್ಮಲ್ಲಿ ಇರುವುದಕ್ಕಿಂತ ಜಾಸ್ತಿ ಇದ್ದರೆ ಉಳಿದದ್ದನ್ನು ಅಳಿಸಿ ಕೊಡಿ ಅನ್ನಿ. ಹಳೆಯ ಮಾಲೀಕರ ಬಳಿ ಉಳಿದ ಕೀ ಇವತ್ತೂ ನಿಮ್ಮ ಕಾರನ್ನು ತೆಗೆಯಬಲ್ಲದು.

ಮಲ್ಪೆ, ಪಣಂಬೂರು ಬೀಚಿಗೆ ಹೋದಾಗ ಕೀಯನ್ನು ಟಯರ್ ಮೇಲೆ ಅಡಗಿಸಿ ನೀರಿಗೆ ಇಳಿಯುವವರನ್ನು ಬಹಳ ನೋಡಿದ್ದೇನೆ. ಇಂಥ ಬಟನ್ ಸ್ಟಾರ್ಟ್ ಕಾರಿನಲ್ಲಿ ಇದು ಬಾಗಿಲು ತೆರೆದಿಟ್ಟ ಲೆಕ್ಕ. ಕೀ ಸಿಗ್ನಲ್ ತಲುಪುವಷ್ಟು ಹತ್ತಿರವೇ ಇರುವುದರಿಂದ ಯಾರು ಹ್ಯಾಂಡಲ್ ಮುಟ್ಟಿದರೂ ಬಾಗಿಲು ತೆರೆದುಕೊಳ್ಳಬಹುದು. ದಡದಲ್ಲಿ ಕೂತ ಅತ್ತೆಯ ಕೈಯಲ್ಲಿ ಕೊಡಿ. ಅಕಸ್ಮಾತ್ ಕೀ ಉಪ್ಪು ನೀರಿಗೆ ಬಿದ್ದರೆ ಕೂಡಲೇ ಸೆಲ್ ತೆಗೆದು, ಸಿಹಿ ನೀರಿನಲ್ಲಿ ಅದ್ದಿ ತೆಗೆದು, ಪೂರ್ತಿ ಒಣಗಿಸಿಯೇ ಮತ್ತೆ ಸೆಲ್ ಹಾಕಿ.

ಕೊನೆಯದಾಗಿ ಮಳೆ. ಮಂಗಳೂರಿನ ಪಂಪ್‌ವೆಲ್, ಕೊಟ್ಟಾರ ಚೌಕಿ ಕಡೆ ನೀರು ನಿಂತಾಗ ಕಾರು ನಡುವೆ ಆಫ್ ಆದರೆ ಸ್ಟಾರ್ಟ್ ಬಟನ್ ಮುಟ್ಟಲೇಬೇಡಿ. ಬೆರಳಲ್ಲಿ ಒತ್ತುವುದು ಸುಲಭ, ಆದರೆ ಸಿಲಿಂಡರಿಗೆ ನೀರು ಹೋಗಿದ್ದರೆ ಆ ಒಂದು ಒತ್ತಿಗೆ ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ (ಪಿಸ್ಟನ್‌ಗೆ ಜೋಡಿಸಿದ ಲೋಹದ ತೋಳು) ಬಾಗಬಹುದು. ಎಂಜಿನ್ ರಕ್ಷಣೆಯ ಆಡ್-ಆನ್ (ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ರಕ್ಷಣೆ) ಇಲ್ಲದ ವಿಮಾ ಪಾಲಿಸಿಯಲ್ಲಿ ಆ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ. ಗ್ಲಾಸು ಇಳಿಸಿಟ್ಟುಕೊಳ್ಳಿ, ಮಗುವನ್ನು ಎತ್ತಿಕೊಂಡು ಇಳಿಯಿರಿ, ಟೋಯಿಂಗ್‌ಗೆ ಫೋನ್ ಮಾಡಿ.

ನಿಮ್ಮ ಕಾರಿನ ಮಾಡೆಲ್, ವರ್ಷ ಇಲ್ಲಿ ಹಾಕಿ ಅಕ್ಕ. ಅದೇ ಗಾಡಿ ಇರುವವರು ಈ ಗುಂಪಿನಲ್ಲಿ ಖಂಡಿತ ಇದ್ದಾರೆ, ಕೀ ಎಲ್ಲಿ ತಾಗಿಸುವುದು ಅಂತ ಫೋಟೋ ಕಳಿಸುತ್ತಾರೆ. ಸೆಲ್ ಬದಲಿಸಿ ಕೀ ಜಾಗ ಬದಲಿಸಿದ ಮೇಲೂ ಸೂಚನೆ ಬಂದರೆ ಹೇಳಿ, ಆ ಸಣ್ಣ ಸಿಗ್ನಲ್ ಬಿಡುವ ಹ್ಯಾಂಡಲ್ ಆಂಟೆನಾ ನೋಡಿಸಬೇಕಾಗುತ್ತದೆ.